ಸೇವ್ ಒತ್ತಬ್ಯಾಡ

ನಮ್ಮ ಡ್ರಾಯಿಂಗ್ ಮೇಡಂ ಅವರ ಬಲಗೈಯ ಅಂಚು, ಕಿರುಬೆರಳಿನಿಂದ ಮಣಿಕಟ್ಟಿನವರೆಗೆ, ಯಾವಾಗಲೂ ಪೆನ್ಸಿಲ್ ಸೀಸದಿಂದ ಮಿರಿಮಿರಿ ಮಿಂಚುತ್ತಿತ್ತು. ವರ್ಷಗಟ್ಟಲೆ ಹಾಳೆಯ ಮೇಲೆ ಕೈ ಆಡಿಸಿ ಬಂದ ಮಿಂಚು ಅದು. ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. "ಇದು ನನ್ನ ಬೆಳ್ಳಿ ಬಳೆ ನೋಡ್ರವ್ವಾ" ಎಂದು ಕೈ ಎತ್ತಿ ತೋರಿಸಿ ನಗುತ್ತಿದ್ದರು.

ಆ ನಗು ಅಷ್ಟಕ್ಕೇ. ಪಾಲಿಟೆಕ್ನಿಕ್ಕಿನ ಕ್ಲಾಸಿನೊಳಗೆ ಅವರು ಹುಲಿ. ಗೆರೆ ಸ್ವಲ್ಪ ಸೊಟ್ಟಗಾದರೂ "ಇದೇನು ಗೆರೆನೋ, ಎರೆಹುಳನೋ?" ಎಂದು ಎಲ್ಲರೆದುರು ಕೇಳಿ ಮಾನ ಕಳೆಯುತ್ತಿದ್ದರು. ಅವರದೊಂದು ಕಟ್ಟಳೆ ಇತ್ತು. ಯಾವ ಹಾಳೆಯಾದರೂ ಸರಿ, ಮೊದಲು ಮೂಲೆಯಲ್ಲಿ ಕನ್ನಡದಲ್ಲಿ 'ಶ್ರೀ' ಬರೆಯಬೇಕು, ಆಮೇಲೆ ಗೆರೆ. ಮರೆತರೆ ಚಿತ್ರ ಎಷ್ಟೇ ಚೆನ್ನಾಗಿರಲಿ, ಹಾಳೆ ವಾಪಸ್. "ಅಂಗಡಿಯೋರು ಶ್ರೀ ಬರೀದೆ ಲೆಕ್ಕ ಶುರು ಮಾಡ್ತಾರೇನು? ನಮ್ದೂ ದಂಧೆನೇ" ಎನ್ನುತ್ತಿದ್ದರು. ನನಗಂತೂ ಆ ಚಟ ರಕ್ತಕ್ಕೇ ಇಳಿದುಬಿಟ್ಟಿತು.

ಇನ್ನು ನನ್ನ ಅವ್ವನ ವಿಷಯ. ಅವಳು ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಾಳೆ. ಹೊಟ್ಟು, ಹಳೇ ಟೈರು, ಸಿಕ್ಕಿದ್ದನ್ನೆಲ್ಲ ಉರಿಸುವ ಒಲೆ. ಕಣ್ಣು ಬಿಡಲಾಗದ ಕರಿ ಹೊಗೆ. ಅವಳು ಕೆಮ್ಮಿದರೆ ವಿನೋಬನಗರದ ನಮ್ಮ ಇಡೀ ಓಣಿಗೆ ಕೇಳಿಸುತ್ತಿತ್ತು. ಡಾಕ್ಟರು ಭಟ್ಟಿ ಬಿಡಿ ಎಂದರು. "ಭಟ್ಟಿ ಬಿಟ್ರೆ ಹೊಟ್ಟೆ ಸುಮ್ನಿರ್ತೈತೇನ್ರಿ?" ಎಂದು ಇವಳು ಅವರನ್ನೇ ಕೇಳಿ ಎದ್ದು ಬಂದಳು. ಅವಳು ಬಿಡುವವಳಲ್ಲ ಎಂದ ಮೇಲೆ ಭಟ್ಟಿಯೇ ಬದಲಾಗಬೇಕಲ್ಲ! ಕರೂರು ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪೊಂದರಲ್ಲಿ ಡಿಸೈನ್ ಕೆಲಸಕ್ಕಿದ್ದ ನಾನು, ಹೊಗೆ ಕಾರದ ಮಂಡಕ್ಕಿ ಯಂತ್ರವೊಂದನ್ನು ಕಂಪ್ಯೂಟರಿನಲ್ಲಿ ಬರೆಯತೊಡಗಿದೆ. ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ ಭಟ್ಟಿ ಮಾಲೀಕರು ಒಪ್ಪಿದರು. ಆದರೆ ಒಂದು ಮಾತು ಹೇಳಿದರು: "ಸೋಮವಾರ ನಕ್ಷೆ ಬರ್ಬೇಕವಾ. ಇಲ್ಲಾಂದ್ರೆ ಹಳೇ ಒಲೆನೇ ರಿಪೇರಿ ಮಾಡಿಸಿಬಿಡ್ತೀನಿ, ನನಗೂ ಸೀಸನ್ ಐತೆ."

ಆ ವಾರವೇ ಕಂಪ್ಯೂಟರ್ ತನ್ನಷ್ಟಕ್ಕೆ ತಾನು ಅಪ್‌ಡೇಟ್ ಆಗಿ ಕೂತಿತು. ಬೆಳಿಗ್ಗೆ ಬಂದು, ಎಲ್ಲ ಭಾಗಗಳನ್ನು ಕೂಡಿಸಿ ತೋರಿಸುವ ದೊಡ್ಡ ಫೈಲನ್ನು ತೆರೆದರೆ ಯಂತ್ರವೇ ಇಲ್ಲ! ಪರದೆಯ ನಡುವೆ ಒಂದಿಷ್ಟು ಬೋಲ್ಟುಗಳು ಗಾಳಿಯಲ್ಲಿ ತೇಲುತ್ತಿವೆ. ಭಾಗಗಳ ಹೆಸರಿದ್ದ ಕಡೆ ಬರೀ ಪ್ರಶ್ನಾರ್ಥಕ ಚಿಹ್ನೆ. ನಕಲು ಇಟ್ಟಿದ್ದೆಯಾ ಎಂದು ದಯವಿಟ್ಟು ಕೇಳಬೇಡಿ. ನಿವೃತ್ತರಾಗಿ ಹರಿಹರದಲ್ಲಿದ್ದ ಮೇಡಂಗೆ ಫೋನ್ ಹಚ್ಚಿ ಅಳುತ್ತಲೇ ಎಲ್ಲ ಹೇಳಿದೆ. ಅಷ್ಟರಲ್ಲಿ ಪರದೆಯ ಮೇಲೆ ಹೊಸದೊಂದು ಪ್ರಶ್ನೆ ಮೂಡಿತು.

"ಸೇವ್ ಮಾಡ್ಲಾ ಅಂತ ಕೇಳ್ತೈತ್ರಿ ಮೇಡಂ. ಒತ್ಲಾ?"

"ಸೇವ್ ಒತ್ತಬ್ಯಾಡ!" ಫೋನು ಕಿವಿಯಿಂದ ದೂರ ಹಿಡಿಯಬೇಕಾಯಿತು. "ಒತ್ತಿದ್ರೆ ಆ ಬೋಲ್ಟೇ ನಿನ್ನ ಯಂತ್ರ ಅಂತ ಉಳಕೊಂಬಿಡ್ತೈತೆ. ಕೈ ತೆಗಿ. ಎರಡೂ ಕೈ ತೊಡಿ ಮೇಲಿಡು. ಬಂದೆ."

ಹರಿಹರದಿಂದ ಬಸ್ಸು ಹತ್ತಿ, ಇಳಿದು, ಆಟೋ ಹಿಡಿದು ಬಂದರು. ಅಲ್ಲಿಯವರೆಗೂ ನಾನು ನಿಜವಾಗಿಯೂ ತೊಡೆಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದೆ. ವರ್ಕ್‌ಶಾಪಿನವರು ನಕ್ಕರು. ನಗಲಿ ಬಿಡಿ.

"ನನಗೆ ಈ ಸಾಫ್ಟ್‌ವೇರ್ ಬರಂಗಿಲ್ಲ, ಮೊದ್ಲೇ ಹೇಳ್ತೀನಿ" ಎಂದರು ಕುರ್ಚಿ ಎಳೆದುಕೊಳ್ಳುತ್ತ. "ಇಬ್ರೂ ಸೇರಿ ಹುಡುಕೋಣ. ಈಗ ಎಲ್ಲಾ ಫೈಲಿಗೂ ನಕಲು ತೆಗಿ. ಇರೋ ಒಂದೇ ಕೂಸಿನ ಮೇಲೆ ಕತ್ತರಿ ಆಡಿಸಬಾರ್ದು."

ನಕಲು ತೆಗೆದೆ. ನಾನು ಕಳೆದುಹೋದ ಒಲೆ, ಬಾಣಲೆ, ಚಿಮಣಿ ಎಂದು ಹಲುಬುತ್ತಿದ್ದೆ. ಮೇಡಂ ಹೋದದ್ದನ್ನು ಕೇಳಲೇ ಇಲ್ಲ, ಉಳಿದದ್ದನ್ನು ನೋಡುತ್ತ ಕೂತರು. ಅವರ ರೀತಿಯೇ ಹಾಗೆ.

"ಎಲ್ಲಾ ಹೋದಾಗ ಈ ಬೋಲ್ಟ್ ಯಾಕ ಉಳೀತು?"

"ಅದು ನಾನು ಬರೆದಿದ್ದಲ್ರಿ, ಇಂಟರ್‌ನೆಟ್ಟಿಂದ ಇಳಿಸ್ಕೊಂಡಿದ್ದು. ಹೆಸರು ಇಂಗ್ಲಿಷಲ್ಲೇ ಐತೆ."

"ನಿನ್ನವಕ್ಕೆ ಏನು ಹೆಸರಿಟ್ಟೀ?"

ನಾನು ತೋರಿಸಿದೆ. ಒಲೆ, ಬಾಣಲೆ, ಚಿಮಣಿ ಎಲ್ಲದರ ಹೆಸರೂ ಇಂಗ್ಲಿಷಿನಲ್ಲೇ ಇತ್ತು. ಆದರೆ ಒಂದೊಂದು ಹೆಸರಿನ ಮೊದಲಿಗೂ ಕನ್ನಡದ ಒಂದು 'ಶ್ರೀ'.

ಮೇಡಂ ಕನ್ನಡಕ ತೆಗೆದರು. ಆಮೇಲೆ ಶುರುವಾಯಿತು ನೋಡಿ ನಗು, ಕಣ್ಣಲ್ಲಿ ನೀರು ಬರುವ ಹಾಗೆ. "ಅಯ್ಯೋ ನಮ್ಮವ್ವಾ! ಹಂಗಾದ್ರೆ ನಿನ್ನ ಯಂತ್ರ ಕೆಡಿಸಿದ್ದು ನಾನೇ ಆತು!"

ಅವರು ಹೇಳಿದಂತೆ ನಕಲಿನಲ್ಲಿ ಚಿಮಣಿಯ ಫೈಲಿನ ಹೆಸರಿನಿಂದ 'ಶ್ರೀ' ಅಳಿಸಿದೆ. ಚಿಮಣಿ ಎಲ್ಲಿದೆ ಎಂದು ದೊಡ್ಡ ಫೈಲಿಗೆ ಮತ್ತೆ ತೋರಿಸಿಕೊಟ್ಟೆ. ತಟ್ಟನೆ ಬಂದು ತನ್ನ ಜಾಗದಲ್ಲಿ ನಿಂತಿತು. ಅಪ್‌ಡೇಟ್ ಆದ ಮೇಲೆ ನಮ್ಮ ಹಳೇ ಸಾಫ್ಟ್‌ವೇರಿಗೆ ಕನ್ನಡ ಅಕ್ಷರ ಓದಲು ಬರುತ್ತಿರಲಿಲ್ಲ, ಅಷ್ಟೇ. ಫೈಲುಗಳು ಕೆಟ್ಟೇ ಇರಲಿಲ್ಲ.

ಇಷ್ಟಾದರೂ ಉಳಿದವುಗಳ ಮೇಲೆ ನನಗೆ ಕೈ ಓಡಲಿಲ್ಲ. "ಶ್ರೀ ಅಳಿಸೋದಾ ಮೇಡಂ?" ಎಂದೆ.

"ಅಳಿಸು. ಕೆಲಸ ಚೆಂದಾಗ್ಲಿ ಅಂತ ಬರೆಸಿದ್ದು ಅದು. ಕೆಲಸಕ್ಕೇ ಅಡ್ಡ ಬಂದ್ರೆ ಬ್ಯಾಡ. ಶಿವ ಸಿಟ್ಟಾದ್ರೆ ನನ್ನ ಹೆಸರು ಹೇಳು."

ಜೀವಮಾನವಿಡೀ ನಡೆಸಿಕೊಂಡು ಬಂದ ಕಟ್ಟಳೆಯನ್ನು ಒಂದೇ ಮಾತಿಗೆ ಬಿಟ್ಟುಕೊಟ್ಟರು. ಹಠ ಮಾಡುವವರನ್ನು ಬೇಕಾದಷ್ಟು ನೋಡಿದ್ದೇನೆ, ನಾನೂ ಅದೇ ಪೈಕಿ. ಹೀಗೆ ನಗುತ್ತ ಬಿಟ್ಟವರನ್ನು ಮಾತ್ರ ಅವರೊಬ್ಬರನ್ನೇ ಕಂಡದ್ದು. ಸಂಜೆಯವರೆಗೂ ಪಕ್ಕದಲ್ಲೇ ಕೂತು, ಒಂದೊಂದು ಭಾಗ ಬಂದು ಕೂಡಿದಾಗಲೂ "ಹ್ಞೂಂ, ಮುಂದಿಂದು" ಎನ್ನುತ್ತ ಹೋದರು.

ಸೋಮವಾರ ನಕ್ಷೆ ಹೋಯಿತು, ಭಟ್ಟಿಗೆ ಯಂತ್ರವೂ ಬಂದು ಕೂತಿತು. ಅದು ಹೇಗೆ ಓಡುತ್ತಿದೆ ಎಂದು ಮೇಡಂ ಒಮ್ಮೆಯೂ ಕೇಳಲಿಲ್ಲ. ಫೋನು ಮಾಡಿದಾಗಲೆಲ್ಲ ಅವರ ಮೊದಲ ಮಾತು, "ಅವ್ವನ ಕೆಮ್ಮು ಹೆಂಗೈತೆ?"

ಹೋದ ವರ್ಷ ಮೇಡಂ ತೀರಿಕೊಂಡರು. ಸುದ್ದಿ ತಿಳಿದು ನಾನು ಹೊರಟಾಗ, ಎಂದೂ ಅವರ ಮುಖ ನೋಡಿರದ ಅವ್ವನೂ ಸೀರೆ ಬದಲಿಸಿ ನಿಂತಿದ್ದಳು. ಹರಿಹರದ ಅವರ ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟಿಲ್ಲ. ಬಾಗಿಲಲ್ಲಿದ್ದ ಅವರ ಸೊಸೆ ಅವ್ವನನ್ನು ನೋಡಿ, "ನೀವು ಯಾರಂತ ಗೊತ್ತಾಗ್ಲಿಲ್ರಿ" ಎಂದರು.

"ಮಂಡಕ್ಕಿ ಭಟ್ಟೀಲಿ ಕೆಲಸ ಮಾಡೋಳ್ರಿ" ಎಂದಳು ಅವ್ವ. "ಕೆಳಗಿಂದ ಮೆಟ್ಲು ಹತ್ತಿ ಬಂದೆ ನೋಡ್ರಿ, ಎಲ್ಲೂ ದಮ್ಮು ಹತ್ತಿ ಕೂಡ್ಲಿಲ್ಲ. ಅದನ್ನ ಅವರಿಗೆ ಹೇಳಾನ ಅಂತ ಬಂದೆ."