ಮಧ್ಯಾಹ್ನ ಅಳೆದ ನೀರು

ಇನ್ನೊಬ್ಬರ ತಪ್ಪು ಸಿಕ್ಕರೆ ನನ್ನ ತಂಗಿಗೆ ಊಟವೂ ಬೇಡ. ಅದನ್ನು ಬೀದಿಗೆಲ್ಲ ಹಂಚಿ ಬಂದಮೇಲೇ ಅವಳಿಗೆ ಸಮಾಧಾನ. ಚಿಕ್ಕಂದಿನಲ್ಲಿ ನಾನು ಮಗ್ಗಿ ತಪ್ಪಿದ್ದನ್ನು ಅವಳು ನನ್ನ ಮದುವೆಯ ದಿನ ಗಂಡಿನ ಕಡೆಯವರಿಗೆ ಹೇಳಿದ್ದಳು.

ಮೂವತ್ತು ವರ್ಷದಿಂದ ಅವಳು ಊರಾಚೆ ಮೀನು ಸಾಕುತ್ತಾಳೆ. ಊರಿನ ಕೊಳಚೆ ನೀರು ಎರಡು ಹೊಂಡಗಳಲ್ಲಿ ವಾರಗಟ್ಟಲೆ ನಿಂತು, ಕೆಸರು ಇಳಿದು, ಬಿಸಿಲಿಗೆ ತಿಳಿಯಾಗಿ ಮೀನಿನ ಕೊಳಕ್ಕೆ ಬರುತ್ತದೆ. ಅದರ ಸತ್ವದಿಂದ ಬೆಳೆಯುವ ಪಾಚಿಯೇ ಮೀನಿಗೆ ಮೇವು. ಕೊಳದ ನೀರು ಏರಿಯ ಮೇಲಿನ ಪಾಲಕ್ಕಿಗೆ, ಹೂಕೋಸಿಗೆ. ಹೊಂಡದಿಂದ ಕೊಳಕ್ಕೆ ನೀರು ಬಿಡುವ ತೂಬನ್ನು ಎಷ್ಟು ಹೊತ್ತು ತೆರೆಯಬೇಕೆಂಬುದನ್ನು ಅವಳು ನೀರಿನ ಬಣ್ಣ ನೋಡಿ ಹೇಳುತ್ತಾಳೆ. ನಾನು ನೀರಿನ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವಳು. ಬಣ್ಣವನ್ನು ನಂಬುವುದು ನನ್ನ ಘನತೆಗೆ ಕಡಿಮೆ.

ಕಳೆದ ತಿಂಗಳು ಅವಳ ಮನೆಗೆ ಹೋದಾಗ ನೀರಿನ ಆಮ್ಲಜನಕ ಅಳೆಯುವ ಮೀಟರನ್ನೂ ಒಯ್ದೆ. ಮಧ್ಯಾಹ್ನ ಕೊಳಕ್ಕೆ ಅದ್ದಿದರೆ ಆಮ್ಲಜನಕ ಧಾರಾಳ. ಇನ್ನೆರಡು ದಿನಕ್ಕೆ ಬಲೆ ಹಾಕುವುದಿತ್ತು. ಇನ್ನಷ್ಟು ನೀರು ಬಿಟ್ಟರೆ ಮೀನು ಕೊಬ್ಬೀತೆಂದು, ಅವಳು ಮಾರ್ಕೆಟ್ಟಿಗೆ ಹೋದ ಹೊತ್ತಿನಲ್ಲಿ ತೂಬನ್ನು ಪೂರ್ತಿ ಎತ್ತಿದೆ. ಕತ್ತಲಾದ ಮೇಲೆ ಬಂದವಳಿಗೆ ಅದು ಕಾಣಲಿಲ್ಲ. ಹಗಲು ಆಮ್ಲಜನಕ ಕೊಡುವ ಪಾಚಿಯೇ ರಾತ್ರಿ ಅದನ್ನು ನುಂಗುತ್ತದೆ ಎಂದು ಕಾಲೇಜಿನಲ್ಲಿ ಪಾಠ ಮಾಡಿದವಳು ನಾನೇ. ಹಾಗೆ ಬರೆಯದವರಿಗೆ ಅಂಕ ಕತ್ತರಿಸಿದವಳೂ ನಾನೇ.

ಬೆಳಗಿನ ಜಾವ ಅವಳ ಕೂಗಿಗೆ ಓಡಿದೆ. ಕೊಳದ ತುಂಬ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

"ತೂಬು ಎತ್ತಿದ್ದು ಯಾರು?"

"ಮೀಟರ್ ನೋಡಿಯೇ ಎತ್ತಿದೆ."

"ನಿನ್ನ ಮೀಟರಿಗೆ ಬೆಂಕಿ ಹಾಕ! ವರ್ಷದ ದುಡಿಮೆ ಕಣೇ ಅಕ್ಕ ಇದು! ಇಳಿ ನೀರಿಗೆ!"

ಅವಳು ತೂಬು ಮುಚ್ಚಿ, ಬಾವಿಯ ಪಂಪು ಹಾಕಿ ಕೊಳಕ್ಕೆ ಒಳ್ಳೆಯ ನೀರು ಬಿಟ್ಟಳು. ಎಪ್ಪತ್ತೊಂದು ವರ್ಷದ ನಾನು ಸೊಂಟಮಟ್ಟ ನೀರಿನಲ್ಲಿ ನಿಂತು, ಗಾಳಿ ಬೆರೆಯಲೆಂದು ಬಿದಿರಿನ ಗಳದಿಂದ ನೀರು ಬಡಿದೆ.

"ಜೋರಾಗಿ ಹೊಡಿ, ಪ್ರೊಫೆಸರಮ್ಮ! ಪಾಠ ಹೇಳಿದ ಹಾಗಲ್ಲ ಇದು!"

ಬಿಸಿಲೇರುವಷ್ಟರಲ್ಲಿ ಮೀನು ಕೆಳಗಿಳಿದವು. ಸುಮಾರು ಮೂವತ್ತು ಮೀನು ಸತ್ತವು, ಉಳಿದವು ಬದುಕಿದವು. ನನ್ನ ಮರ್ಯಾದೆ ಬದುಕುವ ಲಕ್ಷಣವಿರಲಿಲ್ಲ. ಸೊಪ್ಪು ಕೊಳ್ಳಲು ಬಂದ ಗಾಡಿಯವಳು ತುಂಬಿ ನಿಂತ ಕೊಳ, ಸತ್ತ ಮೀನು ಕಂಡು ನಿಂತಳು. ಅವಳ ಕಿವಿಗೆ ಬಿದ್ದರೆ ಊರಿಗೆಲ್ಲ ಬಿದ್ದಂತೆ.

"ಏನಮ್ಮಾ ಇದು? ಇಷ್ಟೊಂದು ನೀರು ಬಿಟ್ಟಿದ್ಯಾರು?"

"ನಾನೇ ಕಣೆ. ತೂಬು ಮುಚ್ಚೋದು ಮರೆತುಬಿಟ್ಟೆ. ವಯಸ್ಸಾಯ್ತಲ್ಲ," ಎಂದಳು ತಂಗಿ.

ನಿಜ ಹೇಳಹೊರಟೆ. ಅವಳು ಕೆಸರುಗಾಲಿನಿಂದ ನನ್ನ ಪಾದವನ್ನು ಬಲವಾಗಿ ತುಳಿದು, ಪಾಲಕ್ಕಿನ ಕಟ್ಟುಗಳನ್ನು ಗಾಡಿಗೆ ಎತ್ತಿ ಹಾಕತೊಡಗಿದಳು.