ಬಂಗಾರ ಬಣ್ಣದ ಹನ್ನೊಂದು ಕೊಳವೆ

ಚರ್ಚಿನ ಹಾಡಿಗೆ ಗಾಳಿ ತುಂಬುವ ಕೈಯೊಂದು ಬೇಕಾಗಿದ್ದ ದಿನಗಳವು. ಆಳಂದ ತಾಲ್ಲೂಕಿನ ನಮ್ಮೂರ ಪುಟ್ಟ ಚರ್ಚಿನಲ್ಲಿ ಮಿಶನ್ ಕಾಲದ ಪೈಪ್ ಆರ್ಗನ್ ಇತ್ತು. ಊರವರ ಬಾಯಲ್ಲಿ ‘ದೊಡ್ಡ ಪೇಟಿ’. ಎದುರಿಗೆ ಬಂಗಾರ ಬಣ್ಣದ ಹನ್ನೊಂದು ತವರದ ಕೊಳವೆ, ಹಿಂದಿನ ಕಪಾಟಿನಲ್ಲಿ ಸಾಲುಸಾಲು ಕಟ್ಟಿಗೆಯ ಕೊಳವೆ, ಎಳೆದರೆ ದನಿ ಬದಲಾಗುವ ನಾಲ್ಕು ಹಿಡಿ, ಬಲಕ್ಕೆ ಗಾಳಿ ಒತ್ತುವ ತಿದಿ. ತಿದಿ ಒತ್ತುತ್ತಿದ್ದವರೂ ಕಪಾಟಿನ ಕೀಲಿ ಇಟ್ಟುಕೊಂಡವರೂ ನಮ್ಮ ಅಜ್ಜ, ಯೋಹಾನಪ್ಪ ಮುತ್ಯಾ.

ನಾನಾಗ ಐದನೆಯ ತರಗತಿ. ಸುಗ್ಗಿ ಹಬ್ಬದ ಕಾಣಿಕೆಯ ಜೋಳದ ಚೀಲಗಳನ್ನು ಜನ ಪೇಟಿಗೇ ಆನಿಸಿಟ್ಟಿದ್ದರು. ಚರ್ಚೆಲ್ಲ ಹೊಲದ ವಾಸನೆ. ಮೂರು ವಾರದಲ್ಲಿ ಪೇಟಿಯ ಅರ್ಧ ದನಿ ಹೋಯಿತು.

ಸಭೆಯ ಹಿರಿಯ ದೇವಪ್ಪ ಕಾಕಾ ಹಿಡಿ ತೊಗರಿ ಹೊಟ್ಟು ತಂದು, ಗಾಳಿ ಬರುತ್ತದೋ ನೋಡಲು ಪೇಟಿ ನುಡಿಸುವಾಗ ಎದುರಿನ ಒಂದೊಂದೇ ಕೊಳವೆಯ ಬಾಯಿಗೆ ಹಿಡಿದರು. ಹೊಟ್ಟು ಅಲುಗಲಿಲ್ಲ.

‘ಯೋಹಾನಪ್ಪಾ, ಖರೇ ಕೊಳವಿ ಗುಜರಿಯವಗ ಹಾಕಿ, ಖಾಲಿ ಡಬ್ಬಿ ನಿಂದರಿಸಿದೇನು?’

‘ನಾ ಹುಟ್ಟೂಕಿಂತ ಮೊದಲಿಂದ ಇವೇ ಅವರಿ,’ ಎಂದರು ಮುತ್ಯಾ.

‘ಕೀಲಿ ಯಾರ ಹಂತೇಲಿ ಅದ? ನನ್ನ ಹಂತೇಲೇನು?’

ಅಂದಿನಿಂದ ಮನೆಗೆ ಬಂದವರ ಕಣ್ಣೆಲ್ಲ ಮೂಲೆಮೂಲೆಗೆ. ಮುತ್ಯಾನ ಹೊಸ ಧೋತರ ಕಂಡು ಪಕ್ಕದ ಮನೆಯ ಶಾಂತಕ್ಕ ನಮ್ಮ ಅಜ್ಜಿ, ಆಯಿಯನ್ನು ಕೇಳಿದಳು: ‘ಭಾಳ ಮಿಂಚಾಕತ್ತದ ಬೇ, ಎಲ್ಲಿಂದ ಬಂತು?’

‘ನಿನ್ನ ಗಂಡಂದು ಕಸಗೊಂಡು ಬಂದೀನಿ,’ ಎಂದಳು ಆಯಿ.

ನನಗೆ ಕಾಕಾನ ಮೇಲೆಯೇ ಅನುಮಾನ. ಅವರ ಹಿತ್ತಲಿನ ತಗಡುಗಳನ್ನೆಲ್ಲ ಎತ್ತಿ ನೋಡಿ ಬಂದೆ.

ಫೆಬ್ರವರಿ ಎರಡನೆಯ ಶನಿವಾರ ಸೊಲ್ಲಾಪುರದ ರಿಪೇರಿಯವನು ಬಂದು, ಎಲ್ಲರೆದುರು ಬಂಗಾರದ ಕೊಳವೆಯೊಂದನ್ನು ಎತ್ತಿದ. ಕೆಳಗಿನ ಹಲಗೆಯಲ್ಲಿ ಗಾಳಿ ಬರಲು ತೂತೇ ಇರಲಿಲ್ಲ.

‘ಇವು ಬರೇ ಚಂದಕ್ಕ ನಿಂದರಿಸಿದ್ವು. ಮಾಡ್ದಾಗಿಂದ ಮೂಕ. ದನಿ ಎಲ್ಲಾ ಒಳಗಿನ ಕಟ್ಟಿಗಿವು,’ ಎಂದ. ಒಳಗಿನ ಕೊಳವೆಗಳನ್ನು ಬೋರಲು ಹಾಕಿದರೆ ಜೋಳ ಸುರಿಯಿತು. ಇಲಿಗಳು ಅಲ್ಲಿ ಕಣಜ ಮಾಡಿಕೊಂಡಿದ್ದವು.

ಕಾಕಾ ನಕ್ಕರು. ‘ಕಳ್ಳ ಸಿಕ್ಕ ನೋಡು! ಹೋಗ್ಲಿ ಬಿಡೋ ಯೋಹಾನಪ್ಪಾ.’

ಮುತ್ಯಾ ಕೀಲಿಯನ್ನು ಕಾಣಿಕೆಯ ಮೇಜಿನ ಮೇಲಿಟ್ಟರು.

‘ನಿಂದೇನೂ ತಪ್ಪಿಲ್ಲಂತ ಗೊತ್ತಾತಲ್ಲ, ಮತ್ಯಾಕ?’ ಎಂದರು ಕಾಕಾ.

‘ಅದು ಗೊತ್ತಾಗಾಕ ಸೊಲ್ಲಾಪುರದಿಂದ ಮಂದಿ ಬರಬೇಕಾತಲ್ರಿ.’

ಆ ಕೀಲಿಯನ್ನು ಯಾರ ಕೈಗೆ ಕೊಡಬೇಕೆಂದು ಸಭೆಯಲ್ಲಿ ಒಮ್ಮತವೇ ಬರಲಿಲ್ಲ. ಕೊನೆಗೆ ಕಪಾಟಿಗೆ ಮೂರು ಬೀಗ ಬಿದ್ದವು, ಮೂವರು ಹಿರಿಯರಿಗೆ ಒಂದೊಂದು ಕೀಲಿ. ಈಗ ಹಾಡಿಗೆ ಕೀಬೋರ್ಡ್ ಇದೆ. ಗುಂಡಿ ಒತ್ತಿದರೆ ಆರ್ಗನ್ನಿನ ದನಿಯೂ ಬರುತ್ತದೆ. ಮೊದಲ ಸ್ವರಕ್ಕೆ ಮುಂಚೆ ತಿದಿ ಎಳೆದುಕೊಳ್ಳುತ್ತಿದ್ದ ಆ ಉದ್ದನೆಯ ಉಸಿರು ಮಾತ್ರ ಅದರಲ್ಲಿಲ್ಲ. ಮೂವರು ಹಿರಿಯರು ಒಟ್ಟಿಗೆ ಬಂದು ಆ ಕಪಾಟು ತೆರೆದದ್ದನ್ನು ನಾನು ಈವರೆಗೆ ಕಂಡಿಲ್ಲ.