ಒಂದು ಬಲ್ಬು, ಎರಡು ಇಗುವಾನಾ

ನನ್ನ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ಇಗುವಾನಾಗಳಿಗೆ ನಾನು ಒಂದೇ ಬಲ್ಬು ಹಾಕಿದ್ದೆ. ಕೇಳಿದವರಿಗೆ ಇದೇನು ಮಹಾ ತಪ್ಪು ಅನಿಸಬಹುದು. ನನಗೂ ಎಂಟು ತಿಂಗಳು ಹಾಗೆಯೇ ಅನಿಸಿತ್ತು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಕುಮಾರಸ್ವಾಮಿ ಲೇಔಟಿನ ಒಂದು ಮನೆಯ ಮಹಡಿಯ ಮೇಲೆ ನಾನು ಬಾಡಿಗೆಗಿದ್ದೆ. ಬನಶಂಕರಿಯ ಹೈಸ್ಕೂಲೊಂದರಲ್ಲಿ ಗಣಿತದ ಟೀಚರು. ವಯಸ್ಸು ಮೂವತ್ತಾರು. ಮದುವೆಯಾಗಿರಲಿಲ್ಲ, ಆಗುವ ಇರಾದೆಯೂ ಇರಲಿಲ್ಲ. ಕೆಳಗಿನ ಮನೆಯಲ್ಲಿ ಓನರಮ್ಮ ಒಬ್ಬರೇ ಇದ್ದರು. ಅರವತ್ತೈದು ದಾಟಿದ ವಿಧವೆ. ಲೇಔಟು ಆಗುವ ಮೊದಲು ಅದೇ ಜಾಗದಲ್ಲಿ ಸೊಪ್ಪು ಬೆಳೆಯುತ್ತಿದ್ದವರು. ಅವರಿಗೆ ನನ್ನ ಅಡುಗೆ, ನನ್ನ ಸೀರೆ, ನಾನು ಬಾಡಿಗೆ ಕೊಡುವ ರೀತಿ ಎಲ್ಲವೂ ಒಪ್ಪಿಗೆಯಾಗಿತ್ತು. ನಾನು ಒಂಟಿಯಾಗಿರುವುದೊಂದು ಮಾತ್ರ ಒಪ್ಪಿಗೆಯಾಗಿರಲಿಲ್ಲ. ನೀರಿನ ಮೋಟಾರು ಹಾಕಲು ಕೆಳಗಿಳಿದಾಗಲೆಲ್ಲ ಒಂದು ಗಂಡಿನ ವಿಷಯ ತೆಗೆಯುತ್ತಿದ್ದರು. ನಾನು ಮೋಟಾರಿನ ಸದ್ದಿನಲ್ಲಿ ಕೇಳಿಸದವಳಂತೆ ಮೇಲೆ ಹತ್ತಿಬಿಡುತ್ತಿದ್ದೆ.

ಮೊದಲ ಇಗುವಾನಾ ನನಗೆ ತಾನಾಗಿ ಬಂದದ್ದು. ನಮ್ಮ ಶಾಲೆಯ ವಿಜ್ಞಾನದ ಟೀಚರು ಊರು ಬಿಡುವಾಗ ಅದನ್ನು ನನ್ನ ಕೈಗಿತ್ತು ಹೋದರು. ಹೊರದೇಶದ ಪ್ರಾಣಿ, ಹೆಣ್ಣು. ನಮ್ಮ ಓತಿಕೇತದ ರೂಪವೇ, ಆದರೆ ಬಾಲವೂ ಸೇರಿ ಎರಡು ಮೊಳ ಉದ್ದ, ಮೈಯೆಲ್ಲ ಎಳೆ ಹಸಿರು. ಸೊಪ್ಪು, ಹೂವು, ತರಕಾರಿ ಬಿಟ್ಟು ಬೇರೇನನ್ನೂ ಮೂಸುವುದಿಲ್ಲ. ಅದರ ಮೈ ತಾನಾಗಿ ಬಿಸಿಯಾಗುವುದಿಲ್ಲ. ಬಿಸಿಲು ಬೇಕು, ಇಲ್ಲವೇ ಬಲ್ಬು ಬೇಕು. ಬಿಸಿ ಸಿಗದಿದ್ದರೆ ತಿಂದದ್ದೂ ಅರಗುವುದಿಲ್ಲ.

“ಅಯ್ಯೋ, ಉಡ ತಂದಿದೀಯಲ್ಲೇ ಟೀಚರಮ್ಮ!” ಎಂದು ಓನರಮ್ಮ ಮೊದಲ ದಿನ ಮೆಟ್ಟಿಲ ಮೇಲೇ ನಿಂತುಬಿಟ್ಟರು. ಅದು ದಾಸವಾಳದ ಹೂವನ್ನು ಕಚಕಚನೆ ತಿನ್ನುವುದನ್ನು ನೋಡಿದ ಮೇಲೆ ಎರಡು ಮೆಟ್ಟಿಲು ಹತ್ತಿ ಬಂದರು. “ಹೂವು ತಿನ್ನೋದಾ? ಹಂಗಾದ್ರೆ ಇರ್ಲಿ ಬಿಡು.” ಮರುದಿನದಿಂದ ಅವರ ಅಂಗಳದ ದಾಸವಾಳದಲ್ಲಿ ದೇವರಿಗೆ ಅರ್ಧ, ಇದಕ್ಕೆ ಅರ್ಧ.

ಒಂದು ತಿಂಗಳಾಗುವಷ್ಟರಲ್ಲಿ ಅವರ ಹಳೆಯ ರಾಗ ಹೊಸ ಜೀವದ ಮೇಲೆ ಶುರುವಾಯಿತು. “ನೀನಂತೂ ಕೇಳಲ್ಲ. ಆ ಮೂಕಪ್ರಾಣಿಗಾದ್ರೂ ಒಂದು ಜೋಡಿ ಮಾಡ್ಬಾರ್ದಾ? ಒಂಟಿ ಹೆಣ್ಣು ಹೆಂಗೆ ಇರುತ್ತೆ?” ನನ್ನ ವಿಷಯದಲ್ಲಿ ಹತ್ತು ವರ್ಷ ಯಾರ ಬಾಯಿಂದಲೂ ಸಹಿಸದ ಮಾತನ್ನು ಅದರ ವಿಷಯದಲ್ಲಿ ನಾನು ತಲೆಯಾಡಿಸಿ ಒಪ್ಪಿಕೊಂಡೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಆದರೆ ಆಗ ನನಗೆ ಹುಮ್ಮಸ್ಸು ಬಂದಿತ್ತು. ಇಗುವಾನಾವನ್ನು ಮನೆಯಲ್ಲಿ ಮರಿ ಮಾಡಿಸಿದವರು ನನಗೆ ಗೊತ್ತಿದ್ದವರಲ್ಲಿ ಯಾರೂ ಇರಲಿಲ್ಲ. ನಾನು ಮಾಡಿಸಿಯೇ ತೀರುತ್ತೇನೆ ಎಂದುಕೊಂಡೆ. ಹಿಡಿದದ್ದನ್ನು ಬಿಡುವ ಜಾತಿ ನನ್ನದಲ್ಲ.

ಸಾಕುಪ್ರಾಣಿಯ ಅಂಗಡಿಯೊಂದರಿಂದ ಗಂಡನ್ನು ತಂದೆ. ಇದಕ್ಕಿಂತ ಗೇಣುದ್ದ ದೊಡ್ಡದು, ಗಲ್ಲ ದಪ್ಪ. ಓನರಮ್ಮ ಅವೆರಡನ್ನೂ ಅಕ್ಕಪಕ್ಕ ಇಡಿಸಿ ನೋಡಿದರು. “ಹುಡುಗ ಎತ್ತರವಾಗವ್ನೆ. ಒಳ್ಳೆ ಜೋಡಿ” ಎಂದು ತೀರ್ಪು ಕೊಟ್ಟರು. ಅಂದಿನಿಂದ ಅವರ ಬಾಯಲ್ಲಿ ಅದು ಅಳಿಯ, ಇದು ಹುಡುಗಿ. ಅಡುಗೆಮನೆಯ ಹಳೆಯ ಜಾಲರಿ ಬೀರುವಿನ ಒಳಗಿನ ಅಡ್ಡಹಲಗೆಗಳನ್ನು ಬಡಗಿಯಿಂದ ಬಿಚ್ಚಿಸಿ, ಒಳಗೆ ಒಂದು ಸೀಬೆ ಕೊಂಬೆ ನಿಲ್ಲಿಸಿ, ಅದರ ತುದಿಯ ಮೇಲೆ ನೂರು ವ್ಯಾಟಿನ ಒಂದು ಬಲ್ಬು ಕಟ್ಟಿದೆ. ಸಂಸಾರಕ್ಕೆ ಒಂದು ಮನೆ, ಒಂದು ಮನೆಗೆ ಒಂದು ದೀಪ. ಬೇರೆ ಥರ ಯೋಚನೆಯೇ ಬರಲಿಲ್ಲ.

ಎರಡನೇ ವಾರದಿಂದಲೇ ಅಳಿಯ ಹುಡುಗಿಯ ಬೆನ್ನ ಮೇಲೆ ಹತ್ತಿ ಮಲಗತೊಡಗಿದ. ಮೇಲೆ ಅವನು, ಕೆಳಗೆ ಅವಳು, ಇಬ್ಬರೂ ಕಣ್ಣು ಮುಚ್ಚಿ. ಮನೆಗೆ ಬಂದವರಿಗೆಲ್ಲ ನಾನು ಅದನ್ನು ತೋರಿಸುತ್ತಿದ್ದೆ. “ನೋಡಿ, ಎಷ್ಟು ಅನ್ಯೋನ್ಯ” ಎನ್ನುತ್ತಿದ್ದೆ. ಓನರಮ್ಮ ಮಾತ್ರ ಒಂದು ಗಳಿಗೆ ನೋಡಿ ಕೆಳಗಿಳಿದುಬಿಡುತ್ತಿದ್ದರು. ಎರಡರ ತೂಕವನ್ನೂ ನಾನು ಪ್ರತಿ ಭಾನುವಾರ ಗ್ರಾಫ್ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದೆ. ಅವನ ಗೆರೆ ಮೇಲೇರುತ್ತಿತ್ತು. ಅವಳ ಗೆರೆ ನೆಲಕ್ಕೆ ಅಂಟಿಕೊಂಡಂತಿತ್ತು. ಹೆಣ್ಣಲ್ಲವೇ, ಸಣ್ಣಗೇ ಇರುತ್ತದೆ ಎಂದುಕೊಂಡೆ. ಎಂಟನೇ ತರಗತಿಯ ಮಕ್ಕಳಿಗೆ ಗ್ರಾಫ್ ಓದುವುದನ್ನು ಕಲಿಸುತ್ತಿದ್ದವಳು ನಾನು!

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಅವಳ ಹೊಟ್ಟೆ ಎರಡೂ ಪಕ್ಕ ಉಬ್ಬಿತು. ಮೆಲ್ಲಗೆ ಒತ್ತಿದರೆ ಒಳಗೆ ಮೊಟ್ಟೆಗಳು ಗೋಲಿಗಳಂತೆ ಕೈಗೆ ಸಿಗುತ್ತಿದ್ದವು. ಓನರಮ್ಮನ ಸಂಭ್ರಮ ಕೇಳಬೇಡಿ. ಬೀರುವಿನ ಬಾಗಿಲಿಗೆ ಅರಿಸಿನ ಕುಂಕುಮ ಹಚ್ಚಿ, ಚಿಲಕಕ್ಕೆ ಎರಡು ಹಸಿರು ಗಾಜಿನ ಬಳೆ ತೂಗುಹಾಕಿದರು. ಬಸುರಿಯ ಬಯಕೆಗೆಂದು ದಿನಕ್ಕೊಂದು ಸೊಪ್ಪು ತಂದರು. ಆದರೆ ಹುಡುಗಿ ತಿನ್ನುವುದನ್ನು ನಿಲ್ಲಿಸಿದ್ದಳು. ಬೀರುವಿನ ತಳದ ಹಲಗೆಯನ್ನು ಮುಂಗಾಲಿನಿಂದ ಕೆರೆಯುತ್ತಿದ್ದಳು. ಬೆಳಿಗ್ಗೆ ಕೆರೆದಳು, ಸಂಜೆ ಶಾಲೆಯಿಂದ ಬಂದಾಗಲೂ ಕೆರೆಯುತ್ತಿದ್ದಳು. ನಾಲ್ಕನೇ ದಿನ ಹಲಗೆಯ ಮೇಲೆ ರಕ್ತದ ಗೆರೆಗಳಿದ್ದವು.

ಅವಳನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಟವೆಲು ಹೊದಿಸಿ, ಆಟೋ ಹಿಡಿದು ಜಯನಗರದ ಒಂದು ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ನಾಯಿಗಳನ್ನು ನೋಡುವವರು. ಇದರ ಬಗ್ಗೆ ಪುಸ್ತಕದಲ್ಲಿ ಓದಿದ್ದಷ್ಟೇ ಗೊತ್ತು ಎಂದು ಮೊದಲೇ ಹೇಳಿದರು. ಅದಕ್ಕೇ ಅವರ ಮೇಲೆ ನಂಬಿಕೆ ಬಂತು. ಎಕ್ಸ್‌ರೇಯಲ್ಲಿ ಮೊಟ್ಟೆಗಳು ಒತ್ತೊತ್ತಾಗಿ ಕಾಣುತ್ತಿದ್ದವು.

“ಇವು ಮಣ್ಣಲ್ಲಿ ಬಿಲ ತೋಡಿ ಮೊಟ್ಟೆ ಇಡ್ತವೆ ಮೇಡಂ. ಜಾಗ ಸಿಗದಿದ್ರೆ ಒಳಗೇ ಹಿಡ್ಕೊಳ್ತವೆ. ಮೂರು ದಿನ ನೋಡಿ. ಇಡದಿದ್ರೆ ಆಪರೇಷನ್ ಮಾಡ್ಬೇಕು. ಆದ್ರೆ ಇದರ ಮೈಯಲ್ಲಿ ಶಕ್ತಿ ಇಲ್ಲ, ಉಳಿಯೋದು ಕಷ್ಟ. ಇಷ್ಟು ಸಣ್ಣಗೆ ಯಾಕಿದೆ? ಇನ್ನೊಂದು ಇದರ ಜೊತೆಗೇ ಇದ್ಯಾ?”

ಹೂಂ ಎಂದೆ. ಒಂದರ ಮೇಲೊಂದು ಮಲಗುವಷ್ಟು ಅನ್ಯೋನ್ಯವಾಗಿವೆ ಎಂದೂ ಸೇರಿಸಿದೆ.

“ಅದು ಪ್ರೀತಿ ಅಲ್ಲ ಮೇಡಂ” ಎಂದರು ಡಾಕ್ಟರು. “ಬಲ್ಬಿನ ಬಿಸಿಯೆಲ್ಲ ಮೇಲಿರೋದು ತಗೊಳ್ತಿದೆ. ಕೆಳಗಿರೋದಕ್ಕೆ ಏನೂ ಸಿಕ್ತಿಲ್ಲ.”

ವಾಪಸ್ಸು ಬರುವಾಗ ಆಟೋದಲ್ಲಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ. ಎಂಟು ತಿಂಗಳು ಅವಳು ನನ್ನ ಕಣ್ಣೆದುರೇ ಸೊರಗುತ್ತಿದ್ದಳು. ನಾನು ಅದನ್ನು ಬಂದವರಿಗೆ ತೋರಿಸಿ ಮೆರೆದಿದ್ದೆ. ಮನೆ ಮುಟ್ಟುವಷ್ಟರಲ್ಲಿ ಕಣ್ಣು ಒರೆಸಿಕೊಂಡಿದ್ದೆ. ಮರಿಯ ಆಸೆ ಅಲ್ಲಿಗೇ ಹೋಯಿತು. ಇವಳನ್ನು ಉಳಿಸಿಕೊಳ್ಳುತ್ತೇನೆ, ಅಷ್ಟೇ. ಶಾಲೆಗೆ ಮೂರು ದಿನ ರಜೆ ಹೇಳಿ, ಅಳಿಯನನ್ನು ಎತ್ತಿ ಬಚ್ಚಲುಮನೆಗೆ ಹಾಕಿ ಅಲ್ಲೊಂದು ಬಲ್ಬು ಕಟ್ಟಿದೆ. ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯವರನ್ನು ಕೇಳಿ ಎರಡು ಬಕೆಟ್ ಮರಳು ತಂದು, ದೊಡ್ಡ ಪ್ಲಾಸ್ಟಿಕ್ ಟಬ್ಬಿಗೆ ಸುರಿದು ಅವಳನ್ನು ಬಿಟ್ಟೆ. ತೋಡಿದಳು. ತೋಡಿದಷ್ಟೂ ಮರಳು ಕುಸಿದು ಗುಂಡಿ ಮುಚ್ಚಿಕೊಂಡಿತು. ಸಂಜೆಯ ಹೊತ್ತಿಗೆ ತಲೆಯನ್ನು ಮರಳಿನ ಮೇಲಿಟ್ಟು ಸುಮ್ಮನೆ ಬಿದ್ದುಕೊಂಡಳು.

ಮರುದಿನ ಬೆಳಿಗ್ಗೆ ಓನರಮ್ಮ ಮೇಲೆ ಬಂದು ಟಬ್ಬಿಗೆ ಕೈ ಹಾಕಿದರು. “ಗಾರೆ ಕೆಲಸದ ಮರಳು ಸುರ್ದಿದೀಯಲ್ಲ. ಇದ್ರಲ್ಲಿ ಯಾವ ಪ್ರಾಣಿ ಬಿಲ ತೋಡುತ್ತೆ? ಚೆಲ್ಲು ಇದನ್ನ.”

ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕಿಳಿದರು. ನುಗ್ಗೆ ಮರದ ಬುಡದ ಕೆಮ್ಮಣ್ಣನ್ನು ಗುದ್ದಲಿಯಿಂದ ಅಗೆದು ಜರಡಿ ಹಿಡಿದರು. ಅದಕ್ಕೆ ಕಾಲು ಭಾಗ ಮರಳು ಬೆರೆಸಿ, ಕೈಯಲ್ಲಿ ನೀರು ಚಿಮುಕಿಸುತ್ತ ಕಲಸಿದರು. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅದುಮಿದರು. ಉಂಡೆ ನಿಂತಿತು. ಬೆರಳಿನಿಂದ ತಟ್ಟಿದರು, ಒಡೆಯಿತು. “ಇದು ಹದ. ಇನ್ನೊಂಚೂರು ನೀರಾದ್ರೆ ಕೆಸರು. ಸೊಪ್ಪಿನ ಮಡಿಗೆ ಹಿಂಗೇ ಮಾಡ್ತಿದ್ದೆ.” ನಾನು ಹೊತ್ತು ತಂದೆ. ಅವರು ಟಬ್ಬಿನಲ್ಲಿ ಮೊಣಕೈವರೆಗೂ ಮಣ್ಣು ತುಂಬಿ, ಗುದ್ದಿ ಗಟ್ಟಿ ಮಾಡಿ, ಒಂದು ಮೂಲೆಯಲ್ಲಿ ಕೈಯಿಂದ ಓರೆಯಾಗಿ ಬಿಲದ ಬಾಯಿ ಕೊರೆದರು. ಮೇಲೆ ಅರ್ಧ ಗೋಣಿಚೀಲ ಮುಚ್ಚಿ ಕತ್ತಲು ಮಾಡಿದರು. ಬೀರುವಿನ ಬಲ್ಬನ್ನು ತಂದು ಇನ್ನರ್ಧಕ್ಕೆ ತಿರುಗಿಸಿದೆವು. ಕರೆಂಟು ಹೋದಾಗಲೆಲ್ಲ ನಾನು ಬಾಟಲಿಗಳಿಗೆ ಬಿಸಿನೀರು ತುಂಬಿ ಟಬ್ಬಿನ ಸುತ್ತ ಇಟ್ಟೆ.

ಅವಳು ಅಂದೆಲ್ಲ ತೋಡಿದಳು. ಈ ಸಲ ಮಣ್ಣು ಕುಸಿಯಲಿಲ್ಲ. ಮೂರನೇ ದಿನ ಬೆಳಿಗ್ಗೆ ಬಾಲದ ತುದಿಯೊಂದನ್ನು ಹೊರಗೆ ಬಿಟ್ಟು ಪೂರ್ತಿ ಒಳಗೆ ಹೋದಳು. ನಾನೂ ಓನರಮ್ಮನೂ ನೆಲದ ಮೇಲೆ ಕೂತು ಕಾದೆವು. ಕಾಫಿ ಆರಿಹೋಯಿತು. ಮಧ್ಯಾಹ್ನ ಅವಳು ಹೊರಗೆ ಬಂದಳು. ಹೊಟ್ಟೆ ಜೋಲುಬಿದ್ದು ಸೊಂಟದ ಮೂಳೆ ಕಾಣುತ್ತಿತ್ತು. ಆ ನಿತ್ರಾಣದಲ್ಲೂ ಹಿಂತಿರುಗಿ ಬಿಲದ ಬಾಯಿಗೆ ಮಣ್ಣು ತಳ್ಳಿ, ಮೂತಿಯಿಂದ ಒತ್ತಿ ಒತ್ತಿ ಮುಚ್ಚಿದಳು. ಆಮೇಲೆ ಬಲ್ಬಿನ ಕೆಳಗೆ ಹೋಗಿ ಉದ್ದಕ್ಕೆ ಮಲಗಿದಳು. ಅವಳ ಬೆನ್ನ ಮೇಲೆ ಯಾರೂ ಇರಲಿಲ್ಲ.

ಬಿಲ ಬಗೆದಾಗ ಇಪ್ಪತ್ತೆರಡು ಮೊಟ್ಟೆ ಸಿಕ್ಕವು. ಮರಿ ಮಾಡಿಸಲೆಂದು ತಂದಿಟ್ಟಿದ್ದ ಥರ್ಮೋಕೋಲ್ ಡಬ್ಬಿ ಅಟ್ಟದ ಮೇಲಿತ್ತು. ನಾನು ಅದನ್ನು ಇಳಿಸಲಿಲ್ಲ. ಇಪ್ಪತ್ತೆರಡು ಮರಿಗೆ ಇಪ್ಪತ್ತೆರಡು ಬಲ್ಬು, ಇಪ್ಪತ್ತೆರಡು ಕೋಣೆ ಎಲ್ಲಿಂದ ತರಲಿ? ಯಾರಿಗಾದರೂ ಕೊಡುತ್ತೇನೆಂದರೆ, ತಗೊಂಡವರೂ ಒಂದೇ ಬೀರುವಿನಲ್ಲಿ ಎರಡೆರಡನ್ನು ತುಂಬಿ ಅನ್ಯೋನ್ಯ ಎನ್ನುವವರೇ. ಡಾಕ್ಟರಿಗೆ ಫೋನು ಮಾಡಿ ಕೇಳಿ, ಅವರು ಹೇಳಿದಂತೆ ಮೊಟ್ಟೆಗಳನ್ನು ಮರಿಯಾಗದಂತೆ ಅಂದೇ ಫ್ರೀಜರಿನಲ್ಲಿಟ್ಟೆ. ಸಂಕಟವಾಯಿತು. ಆದರೂ ಮನಸ್ಸು ಬದಲಿಸಲಿಲ್ಲ.

ವಾರದೊಳಗೆ ಬಡಗಿ ಎರಡನೇ ಬೀರು ತಂದ. ಅದನ್ನು ಇನ್ನೊಂದು ಕೋಣೆಯಲ್ಲಿಟ್ಟು ಅಳಿಯನನ್ನು ಅಲ್ಲಿಗೆ ಸಾಗಿಸಿದೆ. ಆ ಸಂಜೆ ಓನರಮ್ಮ ದಾಸವಾಳ ಹಿಡಿದು ಬಂದರು. ಎರಡು ಕೋಣೆಯನ್ನೂ ಇಣುಕಿ ನೋಡಿದರು.

“ಬ್ಯಾರೆ ಮಾಡ್ಬಿಟ್ಯಾ?”

“ಹೂಂ ಅಮ್ಮ. ಇನ್ನು ಸೇರಿಸಲ್ಲ.” ಬೈಸಿಕೊಳ್ಳಲು ತಯಾರಾಗಿ ನಿಂತೆ. ಜಗಳಕ್ಕೂ ತಯಾರಾಗಿದ್ದೆ.

ಅವರು ಹುಡುಗಿಯ ಮುಂದೆ ಕೂತು ಒಂದೊಂದೇ ಎಸಳು ಕೊಟ್ಟರು. ಅವಳು ತಿಂದಳು. ಹೂವು ಪೂರ್ತಿ ಖಾಲಿಯಾಯಿತು.

“ಒಳ್ಳೇದ್ ಮಾಡ್ದೆ ಬಿಡು” ಎಂದರು ಕೊನೆಗೆ. “ನಾನು ಈ ಮನೇಲಿ ಕಾಲು ಚಾಚಿ ಮಲಗಿದ್ದು ನಮ್ಮೆಜಮಾನ್ರು ಹೋದ್ಮೇಲೇನೇ ಕಣಮ್ಮ.”

ಚಿಲಕಕ್ಕೆ ತಾವೇ ಕಟ್ಟಿದ್ದ ಬಳೆಗಳನ್ನು ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಕೆಳಗಿಳಿದರು. ಆ ಮನೆಯಲ್ಲಿ ನಾನು ಇನ್ನೂ ಆರು ವರ್ಷ ಇದ್ದೆ. ಮೋಟಾರು ಹಾಕಲು ಹೋದಾಗಲೆಲ್ಲ ಅವರು ಹುಡುಗಿ ಏನು ತಿಂದಳು ಎಂದು ಕೇಳುತ್ತಿದ್ದರು. ಗಂಡಿನ ವಿಷಯ ಒಂದು ಸಲವೂ ತೆಗೆಯಲಿಲ್ಲ.